ಮೊದಲ ಈಡಿನ ಭಾರ

ಡಬಲ್ ಆಕ್ಷನ್ ಪಿಸ್ತೂಲಿನಲ್ಲಿ ಮೊದಲ ಗುಂಡಿಗೆ ಒಂದು ಎಳೆತ, ಎರಡನೆಯದರಿಂದ ಮುಂದಕ್ಕೆ ಬೇರೆಯೇ ಎಳೆತ. ತೋಟೆ ಸಿಡಿಯುವಂತೆ ಪೆಟ್ಟು ಕೊಡುವ ಹಿಂಬದಿಯ ಸುತ್ತಿಗೆ, ಅಂದರೆ ಹ್ಯಾಮರ್, ಕೆಳಗೆ ಮಲಗಿರುವಾಗ ಟ್ರಿಗರ್ ಎಳೆದರೆ ಎರಡು ಕೆಲಸವೂ ಬೆರಳಿನ ಪಾಲಿಗೇ ಬರುತ್ತವೆ: ಸ್ಪ್ರಿಂಗಿನ ಒತ್ತಡವನ್ನು ಮೀರಿ ಹ್ಯಾಮರನ್ನು ಹಿಂದಕ್ಕೆ ಎತ್ತುವುದು, ತುದಿಯಲ್ಲಿ ಅದನ್ನು ಬಿಟ್ಟುಕೊಡುವುದು. ಗುಂಡು ಹಾರಿತೆಂದರೆ ಪಿಸ್ತೂಲಿನ ಮೇಲ್ಭಾಗದ ಜಾರುವ ಕವಚ, ಅಂದರೆ ಸ್ಲೈಡ್, ಹಿಂದಕ್ಕೆ ಸರಿದು ಹ್ಯಾಮರನ್ನು ತಾನೇ ಎತ್ತಿ ನಿಲ್ಲಿಸುತ್ತದೆ. ಎರಡನೆಯ ಸಲ ಬೆರಳಿಗೆ ಉಳಿಯುವುದು ಬಿಡುವ ಕೆಲಸ ಮಾತ್ರ. ಮೊದಲ ಎಳೆತ ಉದ್ದ, ಭಾರ. ಆಮೇಲಿನದು ಗಿಡ್ಡ, ಹಗುರ. ಈ ಎರಡರ ನಡುವಿನ ಅಂತರ ನನ್ನ ಕೈಗೆ ದಾಟಲಾಗದಷ್ಟು ದೊಡ್ಡದಾಗಿತ್ತು. ಅದನ್ನು ಕಡಿಮೆ ಮಾಡಿಸಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಪಿತ್ರಾರ್ಜಿತವಾಗಿ ಪಿಸ್ತೂಲು ಬಂದ ಮನೆಗಳು ಇನ್ನೂ ಇವೆ. ಅದನ್ನು ಬೀರುವಿನಲ್ಲಿಟ್ಟು ವರ್ಷಕ್ಕೊಮ್ಮೆ ಒರೆಸಿದರೆ ಸಾಕೆಂದು ತಿಳಿದವರೂ ಇದ್ದಾರೆ.

ನನ್ನದು ಅಪ್ಪ ಬಿಟ್ಟುಹೋದ .32 ಬೋರಿನ ಪಿಸ್ತೂಲು. ಜರ್ಮನಿಯ ವಾಲ್ಟರ್ ಕಂಪನಿ 1929ರಲ್ಲಿ ಹೊರತಂದ ಪಿಪಿ ಮಾದರಿಯ ವಂಶದ್ದು. ಡಬಲ್ ಆಕ್ಷನ್ ವ್ಯವಸ್ಥೆ ಅಳವಡಿಸಿದ ಸೆಮಿ ಆಟೊಮ್ಯಾಟಿಕ್ (ಪ್ರತಿ ಗುಂಡಿನ ನಂತರ ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ) ಪಿಸ್ತೂಲುಗಳಲ್ಲಿ ಮಾರುಕಟ್ಟೆ ಗೆದ್ದ ಮೊದಲನೆಯದು ಅದು. ಪೊಲೀಸರ ಬಳಕೆಗೆಂದೇ ರೂಪಿಸಿದ್ದು. ಈ ವಿನ್ಯಾಸದ ಮೇಲೆ ನನಗಿರುವ ಗೌರವ ಬಳಸುತ್ತಾ ಬಂದಂತೆ ಹೆಚ್ಚಿದೆ. ನಳಿಗೆಯ ಹಿಂತುದಿಯ ಗೂಡಿನಲ್ಲಿ, ಅಂದರೆ ಚೇಂಬರಿನಲ್ಲಿ, ತೋಟೆ ಇದ್ದರೆ ಹ್ಯಾಮರಿನ ಮೇಲ್ಗಡೆ ಸಣ್ಣ ಕಡ್ಡಿಯೊಂದು ಹೊರಚಾಚುತ್ತದೆ. ಕರೆಂಟು ಹೋದ ರಾತ್ರಿಯಲ್ಲೂ ಬೆರಳಿನಿಂದ ಮುಟ್ಟಿ ತಿಳಿಯಬಹುದು. ಸ್ಲೈಡಿನ ಮೇಲಿನ ಸೇಫ್ಟಿಯನ್ನು ಕೆಳಗೆ ತಿರುಗಿಸಿದರೆ ಎತ್ತಿದ ಹ್ಯಾಮರ್ ತೋಟೆಗೆ ಪೆಟ್ಟು ಕೊಡದೆ ಇಳಿಯುತ್ತದೆ. ತುಂಬಿದ ಪಿಸ್ತೂಲನ್ನು ಹ್ಯಾಮರ್ ಇಳಿಸಿಯೇ ಇಟ್ಟುಕೊಳ್ಳಬಹುದು, ಬೇಕಾದಾಗ ಒಂದೇ ಎಳೆತಕ್ಕೆ ಹಾರಿಸಬಹುದು. ಮೊದಲ ಎಳೆತ ಭಾರವಾಗಿರುವುದೇ ಈ ಏರ್ಪಾಡಿನ ಕಾವಲು.

ಅಪ್ಪ ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ಕೊಟ್ಟು ನಗದು ತರುತ್ತಿದ್ದ ಕಾಲದಲ್ಲಿ ಇದನ್ನು ಸೊಂಟದಲ್ಲಿಟ್ಟುಕೊಂಡು ಬರುತ್ತಿದ್ದರು. ಶನಿವಾರದ ಬಟವಾಡೆಯ ಹಣವನ್ನೆಲ್ಲ ಮನೆಯಲ್ಲೇ ಎಣಿಸಿ ಇಡಬೇಕಿತ್ತು, ಹತ್ತಿರದ ಮನೆ ಗುಡ್ಡದಾಚೆ. ಈಗ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ. ಆದರೆ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಸರಿದ ನಮ್ಮ ಮನೆ ಅಲ್ಲೇ ಇದೆ, ಗುಡ್ಡವೂ ಅಲ್ಲೇ ಇದೆ. ತೋಟವನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ತಮ್ಮ ಬೆಂಗಳೂರಿನಲ್ಲಿದ್ದಾನೆ. "ಅಕ್ಕಾ, ಅದನ್ನು ಮಾರಿಬಿಡು, ನಿನಗೇಕೆ ಆ ಜವಾಬ್ದಾರಿ" ಎಂದು ಅವನು ಹೇಳಿದ್ದುಂಟು. ಇಟ್ಟುಕೊಳ್ಳುವುದಾದರೆ ಬಳಸಲು ಬರುವಂತೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಮಾರಬೇಕು ಎಂಬುದು ನನ್ನ ನಿಲುವು.

ಲೈಸೆನ್ಸ್ ನನ್ನ ಹೆಸರಿಗೆ ಬಂದ ಕಥೆ ಚುಟುಕಾಗಿ ಸಾಕು. ಪರವಾನಗಿದಾರರು ತೀರಿಕೊಂಡರೆ ಆಯುಧವನ್ನು ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ವಾರಸುದಾರರು ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಬೇಕು, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು, ಪೊಲೀಸ್ ವಿಚಾರಣೆ ಆಗಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸುರಕ್ಷಿತ ಬಳಕೆಯ ತರಬೇತಿ ಪಡೆದ ಪ್ರಮಾಣಪತ್ರವೂ ಬೇಕು. ಎಲ್ಲವೂ ಆಯಿತು. 2024ರ ಲೋಕಸಭಾ ಚುನಾವಣೆಗೆ ಮತ್ತೆ ಠಾಣೆಗೆ ಒಪ್ಪಿಸಿ, ಜೂನ್ 4ರ ಫಲಿತಾಂಶದ ನಂತರ ಹಿಂದಕ್ಕೆ ಪಡೆದೆ. ಆ ಮೇಲಿನ ಮಳೆಗಾಲವೇ ಈ ಕೆಲಸದ ಕಾಲ.

ಗುರಿ ಅಭ್ಯಾಸಕ್ಕೆ ಅನುಮತಿ ಇರುವ ಮೈದಾನದಲ್ಲಿ ನನಗೆ ಕಲಿಸಿದವರು ಸೇನೆಯಿಂದ ನಿವೃತ್ತರಾದ ಸುಬೇದಾರರು. ಹತ್ತು ಮೀಟರಿನಲ್ಲಿ ಕಾಗದದ ಗುರಿ. ಅವರು ನನ್ನ ಮ್ಯಾಗಜಿನ್‌ಗೆ ಎರಡೇ ತೋಟೆ ತುಂಬಿಸಿ, ಹ್ಯಾಮರ್ ಇಳಿಸಿ, "ಈಗ ಎರಡನ್ನೂ ಒಂದರ ಹಿಂದೊಂದು ಹಾರಿಸಿ ಮೇಡಂ" ಎನ್ನುತ್ತಿದ್ದರು. ಪ್ರತಿಸಲವೂ ಒಂದೇ ಚಿತ್ರ: ಮೊದಲನೆಯದು ಕಾಗದದ ಕೆಳಗಿನ ಅಂಚಿನಲ್ಲಿ ಅಥವಾ ಮಣ್ಣಿನ ದಿಬ್ಬದಲ್ಲಿ, ಎರಡನೆಯದು ನಡುವಿನ ಸುತ್ತಿನಲ್ಲಿ. ಎರಡನೆಯದು ಕೆಲವೊಮ್ಮೆ ನಾನು ಸಿದ್ಧಳಾಗುವ ಮೊದಲೇ ಹಾರಿಬಿಡುತ್ತಿತ್ತು. ಮೊದಲ ಎಳೆತಕ್ಕೆ ಹಾಕಿದ ಬಲವೇ ಕೈಯಲ್ಲಿ ಉಳಿದಿರುತ್ತಿತ್ತು, ಆದರೆ ಟ್ರಿಗರ್ ಈಗ ಅದರ ಅರ್ಧಕ್ಕಿಂತ ಕಡಿಮೆ ಬಲವನ್ನಷ್ಟೇ ಕೇಳುತ್ತಿತ್ತು.

ಅವರು ನನ್ನ ಬೆರಳನ್ನು ನೋಡಿದರು, ಗುರಿಯನ್ನಲ್ಲ. ತೋರುಬೆರಳಿನ ತುದಿ ಮಾತ್ರ ಟ್ರಿಗರಿಗೆ ತಾಗುತ್ತಿತ್ತು. ಅಷ್ಟು ಭಾರ ಎಳೆಯಲು ಇಡೀ ಅಂಗೈ ಮುಷ್ಟಿಯಾಗುತ್ತಿತ್ತು, ಮೂತಿ ಕೆಳಗೆ ಬಾಗುತ್ತಿತ್ತು. "ಇದು ಧೈರ್ಯದ ಪ್ರಶ್ನೆಯಲ್ಲ ಮೇಡಂ, ಅಳತೆಯ ಪ್ರಶ್ನೆ. ಪಿಸ್ತೂಲು ನಿಮ್ಮ ತಂದೆಯವರ ಕೈಗೆ ಆಗಿತ್ತು" ಎಂದರು. ಹೆಬ್ಬೆರಳಿನಿಂದ ಹ್ಯಾಮರ್ ಎತ್ತಿಕೊಂಡೇ ಹಾರಿಸಿದರೆ ಆಗದೇ ಎಂದು ಕೇಳಿದೆ. ಮೈದಾನದಲ್ಲಿ ಆಗುತ್ತದೆ, ಮನೆಯಲ್ಲಿ ಬೇಡ ಎಂದರು. ಕತ್ತಲಲ್ಲಿ, ಎದೆ ಹೊಡೆದುಕೊಳ್ಳುವಾಗ, ಹಗುರ ಎಳೆತಕ್ಕೆ ಸಿದ್ಧವಾಗಿ ನಿಂತ ಪಿಸ್ತೂಲನ್ನು ಹಿಡಿದುಕೊಂಡು ಬಾಗಿಲವರೆಗೆ ನಡೆಯುವುದನ್ನು ಅವರು ಯಾರಿಗೂ ಹೇಳಿಕೊಡುವುದಿಲ್ಲ. ಆ ಮಾತು ನನಗೆ ಒಪ್ಪಿಗೆಯಾಯಿತು. ಟ್ರಿಗರಿಗೆ ಏನು ಮಾಡಬಹುದು ಎಂಬ ವಿಚಾರ ಅಲ್ಲಿಂದ ಶುರುವಾಯಿತು.

ಇಲ್ಲಿ ಕಾನೂನಿನ ಒಂದು ಅಂಶವನ್ನು ಒತ್ತಿ ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ತಯಾರಿಕೆ, ಮಾರಾಟಗಳಂತೆ ರಿಪೇರಿಗೂ ಪರವಾನಗಿ ಬೇಕು. ಲೇತ್ ಇರುವ ಯಾವುದೋ ವರ್ಕ್‌ಶಾಪಿಗೆ ಪಿಸ್ತೂಲನ್ನು ಒಯ್ದು ಕೊಡುವಂತಿಲ್ಲ. ಕೊಟ್ಟವರೂ ತಪ್ಪಿತಸ್ಥರು, ತೆಗೆದುಕೊಂಡವರೂ ತಪ್ಪಿತಸ್ಥರು. ಕೇಪಿನ ಕೋವಿಯನ್ನು ಊರಿನ ಕುಲುಮೆಯಲ್ಲೇ ಸರಿಮಾಡಿಸುತ್ತಿದ್ದ ಹಳೆಯ ರೂಢಿ ಮಲೆನಾಡಿನಲ್ಲಿತ್ತು. ಈಗ ಅದಕ್ಕೆ ಕೈ ಹಾಕಬಾರದು. ನಾನು ಹೋದದ್ದು ಶಿವಮೊಗ್ಗದಲ್ಲಿ ಪರವಾನಗಿ ಇರುವ, ಮೂರು ತಲೆಮಾರಿನಿಂದ ಕೋವಿ ರಿಪೇರಿಯನ್ನೇ ಮಾಡಿಕೊಂಡು ಬಂದ ಮೇಸ್ತ್ರಿಗಳ ಬಳಿಗೆ. ಅವರು ಮೊದಲು ಲೈಸೆನ್ಸ್ ಪುಸ್ತಕ ನೋಡಿದರು, ಪಿಸ್ತೂಲಿನ ನಂಬರನ್ನು ತಾಳೆ ಹಾಕಿದರು, ರಿಜಿಸ್ಟರಿನಲ್ಲಿ ಬರೆದುಕೊಂಡು ರಸೀದಿ ಕೊಟ್ಟರು. ಅದಾದ ಮೇಲೆಯೇ ಏನು ತೊಂದರೆ ಎಂದು ಕೇಳಿದ್ದು.

"ಟ್ರಿಗರ್ ಹಗುರ ಮಾಡಿಕೊಡಿ" ಎಂದೆ.

"ಹಗುರ ಮಾಡುವುದಿಲ್ಲ ಅಮ್ಮಾ. ನುಣುಪು ಮಾಡಿಕೊಡುತ್ತೇನೆ. ಅದರಿಂದ ಎಷ್ಟು ಹಗುರವಾಗುತ್ತದೋ ಅಷ್ಟೇ ನಿಮ್ಮದು."

ಅವರ ಕೆಲಸದ ನಿಯಮವೆಲ್ಲ ಈ ಎರಡು ಮಾತಿನಲ್ಲಿತ್ತು. ಖಾಲಿ ಪಿಸ್ತೂಲನ್ನು ಮೇಜಿನ ಹಿಡಿಕೆಗೆ ಕಚ್ಚಿಸಿ, ಟ್ರಿಗರಿಗೆ ಕೊಕ್ಕೆ ಹಾಕಿ, ಸ್ಪ್ರಿಂಗ್ ತಕ್ಕಡಿಯಿಂದ ನಿಧಾನವಾಗಿ ಎಳೆದರು. ಡಬಲ್ ಆಕ್ಷನ್ ಏಳು ಕಿಲೋ, ಸಿಂಗಲ್ ಆಕ್ಷನ್ (ಹ್ಯಾಮರ್ ಎತ್ತಿ ನಿಂತಿರುವಾಗಿನ ಹಗುರ ಎಳೆತ) ಎರಡು ಕಿಲೋಗಿಂತ ಸ್ವಲ್ಪ ಮೇಲೆ. ತಕ್ಕಡಿಯ ಮುಳ್ಳು ಒಂದೇ ಸಮ ಏರುತ್ತಿರಲಿಲ್ಲ. ನಾಲ್ಕು ಕಿಲೋ ಹತ್ತಿರ ಒಮ್ಮೆ ತಡೆದು ನೆಗೆಯಿತು, ಆರರ ಬಳಿ ಇನ್ನೊಮ್ಮೆ. "ನಿಮ್ಮ ಬೆರಳನ್ನು ಕೆಡಿಸುತ್ತಿರುವುದು ಆ ಏಳಲ್ಲ, ಈ ಎರಡು ನೆಗೆತ" ಎಂದರು. ನನಗೆ ಅರ್ಥವಾದದ್ದು ಆಗಲೇ. ಮೆಟ್ಟುಕತ್ತಿಯಲ್ಲಿ ಹಸಿ ಅಡಿಕೆ ಸುಲಿಯುವವರಿಗೆ ಇದು ಗೊತ್ತು: ಒತ್ತಡ ಎಷ್ಟಾದರೂ ಇರಲಿ, ಒಂದೇ ಹದದಲ್ಲಿ ಸಾಗಿದರೆ ಕೈ ದಣಿಯುವುದಿಲ್ಲ, ನಡುವೆ ಕತ್ತಿ ಸಿಕ್ಕಿ ಬಿಟ್ಟಿತೆಂದರೆ ಬೆರಳಿಗೆ ಗಾಯ.

ಪೂರ್ತಿ ಬಿಚ್ಚಿದಾಗ ಒಳಗಿನ ಸ್ಥಿತಿ ಕಂಡಿತು. ಅಪ್ಪ ಅದನ್ನು ಚರ್ಮದ ಚೀಲದಲ್ಲೇ ಇಡುತ್ತಿದ್ದರು. ಚರ್ಮ ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ನೆರೆಯಲ್ಲಿ ಅದು ಕಬ್ಬಿಣಕ್ಕೆ ಹೇಳಿಸಿದ ಜಾಗವಲ್ಲ. ಹಿಡಿಯ ಪಟ್ಟಿಗಳ ಅಡಿಯಲ್ಲಿ ತುಕ್ಕಿನ ಚುಕ್ಕೆಗಳಿದ್ದವು. ಹಾಕಿದ ಎಣ್ಣೆಯೆಲ್ಲ ಗಟ್ಟಿಯಾಗಿ ಹಲಸಿನ ಮೇಣದ ಬಣ್ಣಕ್ಕೆ ತಿರುಗಿತ್ತು. ಮೇಸ್ತ್ರಿಗಳು ಬಿಡಿಭಾಗಗಳನ್ನು ದ್ರಾವಣದಲ್ಲಿ ನೆನೆಹಾಕಿ, ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ತೆಳುವಾಗಿ ಹೊಸ ಎಣ್ಣೆ ಸವರಿ ಜೋಡಿಸಿದರು. ಬೇರೇನೂ ಮಾಡದೆ ಮತ್ತೆ ತಕ್ಕಡಿಗೆ ಹಾಕಿದರು: ಆರು ಕಿಲೋ ಮುನ್ನೂರು. ಕೊಳೆ ತೆಗೆದದ್ದಕ್ಕೇ ಏಳುನೂರು ಗ್ರಾಂ ಇಳಿದಿತ್ತು. ಟ್ರಿಗರ್ ಭಾರವೆಂದು ಯಾರು ದೂರಿದರೂ ಮೊದಲು ಬಿಚ್ಚಿ ತೊಳೆಸಿ ಎಂದೇ ನಾನು ಈಗ ಹೇಳುವುದು. ಹೊಸ ಭಾಗದ ಮಾತು ಆಮೇಲಿನದು.

ಹೊಸ ಭಾಗ ಸುಲಭವಾಗಿ ಸಿಗುವುದೂ ಇಲ್ಲ. 1980ರ ದಶಕದ ಮಧ್ಯದಿಂದ ಸಾಮಾನ್ಯ ನಾಗರಿಕರಿಗೆ ವಿದೇಶಿ ಪಿಸ್ತೂಲುಗಳ ಆಮದು ನಿಂತಿದೆ. ಅಪ್ಪನ ಕಾಲದ ಪಿಸ್ತೂಲುಗಳಿಗೆ ಬಿಡಿಭಾಗವೆಂದರೆ ಇನ್ನೊಂದು ಹಳೆಯ ಪಿಸ್ತೂಲಿನದು, ಅಥವಾ ಕೈಯಿಂದ ಮಾಡಿದ್ದು. ಹೊರದೇಶಗಳಲ್ಲಿ ಪೊಟ್ಟಣದಲ್ಲಿ ಸ್ಪ್ರಿಂಗ್ ಜೋಡಿಗಳು ಬರುತ್ತವೆ, ಕೊಂಡು ಹಾಕಿಕೊಂಡರೆ ಆಯಿತು. ಇಲ್ಲಿ ಮೇಸ್ತ್ರಿಯ ಕಣ್ಣು ಮತ್ತು ಕೈಯನ್ನೇ ನಂಬಬೇಕು. ಹಾಗಾಗಿ ಇಂಥವರ ಮಕ್ಕಳು ಈ ಕಸುಬು ಬಿಡುತ್ತಿರುವುದು ನನಗೆ ನಿಜವಾಗಿಯೂ ಚಿಂತೆಯ ವಿಷಯ.

ಮುಂದಿನ ಕೆಲಸ ಟ್ರಿಗರ್ ಬಾರಿನದು. ಟ್ರಿಗರಿನ ಎಳೆತವನ್ನು ಹಿಂದಿನ ಹ್ಯಾಮರಿನವರೆಗೆ ಒಯ್ಯುವ ಉದ್ದನೆಯ ಪಟ್ಟಿ ಅದು. ಅದು ಚೌಕಟ್ಟಿಗೆ ಉಜ್ಜುವ ಕಡೆ ಗೀರು ಬಿದ್ದು ಹೊಳೆಯುತ್ತಿತ್ತು. ನೆಗೆತ ಹುಟ್ಟುತ್ತಿದ್ದದ್ದು ಅಲ್ಲೇ. ಅವರು ಅರವನ್ನು ಮುಟ್ಟಲೇ ಇಲ್ಲ. ನುಣುಪಾದ ಸಾಣೆಕಲ್ಲಿಗೆ ಎಣ್ಣೆ ಹಾಕಿ, ಗೀರಿನ ಉಬ್ಬುಗಳನ್ನಷ್ಟೇ ಮಟ್ಟ ಮಾಡಿದರು. ಲೋಹವನ್ನು ತೆಗೆಯುವುದು ಬೇಡ, ಒರಟುತನವನ್ನು ತೆಗೆದರೆ ಸಾಕು ಎಂಬ ಲೆಕ್ಕ. ಚೌಕಟ್ಟಿನ ಒಳಬದಿಯನ್ನೂ ಹಾಗೆಯೇ ನಯಗೊಳಿಸಿದರು. ಜೋಡಿಸಿ ಎಳೆದಾಗ ಮುಳ್ಳು ಮೊದಲ ಸಲ ಎಲ್ಲೂ ತಡೆಯದೆ ಏರಿ ಐದು ಕಿಲೋ ಎಂಟುನೂರರಲ್ಲಿ ಬಿಟ್ಟುಕೊಟ್ಟಿತು.

ಸಿಂಗಲ್ ಆಕ್ಷನ್ ಎಳೆತವನ್ನೂ ಸ್ವಲ್ಪ ಇಳಿಸಬಹುದೇ ಎಂದು ಕೇಳಿದೆ. ಅವರು ಸಿಯರನ್ನು ಚಿಮುಟದಲ್ಲಿ ಹಿಡಿದು ಭೂತಗನ್ನಡಿಯ ಕೆಳಗೆ ನನಗೆ ತೋರಿಸಿದರು. ಎತ್ತಿದ ಹ್ಯಾಮರನ್ನು ತಡೆದು ಹಿಡಿಯುವುದು ಅದರ ಕೂದಲೆಳೆಯಷ್ಟು ಅಂಚು. ಅದರ ಹೊರಪದರ ಗಟ್ಟಿ, ಆದರೆ ತೆಳು. ಉಜ್ಜಿ ಆ ಪದರ ದಾಟಿದರೆ ಒಳಗಿನ ಮೆದು ಲೋಹ ಬೇಗ ಸವೆಯುತ್ತದೆ. ಕೋನ ಒಂದಿಷ್ಟು ತಪ್ಪಿದರೂ ಪಿಸ್ತೂಲು ಕೆಳಗೆ ಬಿದ್ದಾಗ ಹ್ಯಾಮರ್ ಕಳಚಿಕೊಳ್ಳಬಹುದು, ಅಥವಾ ಸ್ಲೈಡ್ ಮುಂದೆ ಬಂದಾಗ ಹ್ಯಾಮರೂ ಅದರ ಜೊತೆಗೇ ಬಂದು ಒಂದು ಎಳೆತಕ್ಕೆ ಎರಡು ಗುಂಡು ಹಾರಬಹುದು. ಒಂದು ಎಳೆತಕ್ಕೆ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವ ಆಟೊಮ್ಯಾಟಿಕ್ ಆಯುಧ ನಮ್ಮ ಕಾಯ್ದೆಯಲ್ಲಿ ನಿಷೇಧಿತ ವರ್ಗಕ್ಕೆ ಸೇರುತ್ತದೆ. "ಇದನ್ನು ನಮ್ಮಪ್ಪ ಮುಟ್ಟುತ್ತಿರಲಿಲ್ಲ, ನಾನೂ ಮುಟ್ಟುವುದಿಲ್ಲ" ಎಂದು ಸಿಯರನ್ನು ಇದ್ದಹಾಗೆಯೇ ಹಿಂದಕ್ಕೆ ಕೂಡಿಸಿದರು. ಆ ಕ್ಷಣದಿಂದ ನನಗೆ ಅವರ ಮೇಲೆ ಪೂರ್ತಿ ಭರವಸೆ.

ಉಳಿದದ್ದು ಹ್ಯಾಮರ್ ಸ್ಪ್ರಿಂಗ್. ಬೆರಳು ಮೀರಬೇಕಾದ ಭಾರದ ದೊಡ್ಡ ಪಾಲು ಅದರದೇ. ಅವರು ಒಂದು ಪ್ರಯೋಗಕ್ಕೆ ಒಪ್ಪಿದರು. ಹಳೆಯದನ್ನು ಹಾಗೆಯೇ ಕಾಪಿಟ್ಟು, ಒಂದಿಷ್ಟು ಸಣ್ಣ ತಂತಿಯಲ್ಲಿ ಹೊಸದೊಂದನ್ನು ಸುತ್ತಿದರು. ಸುರುಳಿ ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ದಪ್ಪದಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬಿಗಿಯಲ್ಲಿ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ಮೇಸ್ತ್ರಿಗಳು ಗಣಿತ ಹೇಳಲಿಲ್ಲ, ತಂತಿಗಳನ್ನು ಉಗುರಿನಿಂದ ಮೀಟಿ ಆರಿಸಿದರು. ಹೊಸ ಸ್ಪ್ರಿಂಗಿನೊಂದಿಗೆ ಎಳೆತ ನಾಲ್ಕು ಕಿಲೋ ಐನೂರಕ್ಕೆ ಬಂತು. ಬೆರಳಿಗೆ ಹಬ್ಬ ಎನಿಸಿತು.

ಮೈದಾನದಲ್ಲಿ ಆ ಹಬ್ಬ ಮುಗಿಯಿತು. ಮೊದಲ ತೋಟೆಗಳು ಹಾರಿದವು, ಆಮೇಲೆ ಒಂದು ಹಾರಲಿಲ್ಲ. ಹೀಗಾದಾಗ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ಕಾದ ಮೇಲೆ ಸುಬೇದಾರರು ಮತ್ತೊಮ್ಮೆ ಟ್ರಿಗರ್ ಎಳೆಯಲು ಹೇಳಿದರು. ಡಬಲ್ ಆಕ್ಷನ್‌ನ ಅನುಕೂಲ ಇದು: ಸ್ಲೈಡ್ ಮುಟ್ಟದೆಯೇ ಅದೇ ತೋಟೆಗೆ ಎರಡನೆಯ ಪೆಟ್ಟು ಕೊಡಬಹುದು. ಎರಡನೆಯ ಪೆಟ್ಟಿಗೆ ಹಾರಿತು. ಮುಂದೆ ಇನ್ನೂ ಕೆಲವು ಹಾಗೆಯೇ ತಡೆದವು. ಖಾಲಿ ಕೋಶಗಳನ್ನು ಆರಿಸಿ ನೋಡಿದೆವು. ತೋಟೆಯ ಬುಡದಲ್ಲಿ ಪೆಟ್ಟು ಬೀಳುವ ಜಾಗವೇ ಕೇಪು. ಹಳೆಯ ಸ್ಪ್ರಿಂಗಿನಲ್ಲಿ ಹಾರಿಸಿದ ಕೇಪಿನ ಮೇಲಿನ ತಗ್ಗು ಆಳ, ದುಂಡು. ಹೊಸದರದ್ದು ಮೇಲುಮೇಲೆ ಮುಟ್ಟಿದಂತೆ. ಕೇಪಿನೊಳಗಿನ ಮದ್ದು ಹೊತ್ತಿಕೊಳ್ಳಲು ಒಂದು ಮಟ್ಟದ ಪೆಟ್ಟು ಬೇಕೇ ಬೇಕು. ಸ್ಪ್ರಿಂಗಿನಿಂದ ಬೆರಳಿಗೆ ಉಳಿಸಿದ ಬಲವನ್ನು ಕೇಪಿನಿಂದ ಕಿತ್ತುಕೊಂಡಿದ್ದೆವು.

ಮೇಸ್ತ್ರಿಗಳು ಆ ಕೋಶಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ನೋಡಿ, ಏನೂ ಹೇಳದೆ ಹಳೆಯ ಸ್ಪ್ರಿಂಗನ್ನೇ ಹಾಕಿಕೊಟ್ಟರು. ನಾನೂ ತಕರಾರು ಮಾಡಲಿಲ್ಲ. ಎಳೆದಾಗ ಹಾರದ ಪಿಸ್ತೂಲಿಗಿಂತ ಐದು ಕಿಲೋ ಎಂಟುನೂರು ಮೇಲು.

ಆದರೆ ಬೆರಳಿನ ಅಳತೆಯ ಪ್ರಶ್ನೆ ಬಗೆಹರಿದಿರಲಿಲ್ಲ. ಅದಕ್ಕೆ ಉತ್ತರ ಟ್ರಿಗರಿನಲ್ಲಿ ಇರಲಿಲ್ಲ, ಹಿಡಿಯಲ್ಲಿತ್ತು. ಎರಡೂ ಬದಿಯ ಹಿಡಿಪಟ್ಟಿಗಳು ದಪ್ಪ ಪ್ಲಾಸ್ಟಿಕ್ಕಿನವು. ಅವು ತೆಳುವಾದರೆ ಅಂಗೈ ಇನ್ನಷ್ಟು ಸುತ್ತಿಕೊಳ್ಳುತ್ತದೆ, ಬೆರಳು ಮುಂದೆ ಹೋಗುತ್ತದೆ. ಈ ಉಪಾಯ ಸುಬೇದಾರರದು. ಮನೆಯ ಅಟ್ಟದಲ್ಲಿ ಕಾಲು ಮುರಿದ ಬೀಟೆ ಮರದ ಹಳೆಯ ಕುರ್ಚಿ ಇತ್ತು. ಅದರ ಒಂದು ತುಂಡನ್ನೂ ಹಳೆಯ ಎರಡು ಪಟ್ಟಿಗಳನ್ನೂ ಸಾಗರದಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರೊಬ್ಬರ ಬಳಿಗೆ ಒಯ್ದೆ. ಪಿಸ್ತೂಲನ್ನು ಒಯ್ಯಲಿಲ್ಲ, ಪರವಾನಗಿ ಇಲ್ಲದವರ ಕೈಗೆ ಅದನ್ನು ಕೊಡುವಂತಿಲ್ಲ. ಪಟ್ಟಿಯ ಅಂಚು, ಸ್ಕ್ರೂ ತೂತು ಎಲ್ಲವನ್ನೂ ಹಳೆಯದರಿಂದಲೇ ಗುರುತು ಹಾಕಿಕೊಂಡರು. ದೇವರ ಮಂಟಪಕ್ಕೆ ಬಳ್ಳಿ ಕೊರೆಯುವ ಉಳಿಯಿಂದ ನನಗೆ ಸಾದಾ ಪಟ್ಟಿ ಕೊರೆದುಕೊಟ್ಟರು. ಮೇಲೆ ಜಾರದಂತೆ ಅಡ್ಡಡ್ಡ ಗೆರೆಗಳಷ್ಟೇ ಸಾಕೆಂದೆ. ಅವರಿಗೆ ಅದು ಸಪ್ಪೆ ಕೆಲಸವೆನಿಸಿರಬೇಕು, ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಎಲೆ ಬಿಡಿಸಿಯೇಬಿಟ್ಟಿದ್ದರು. ಅದು ನನಗೆ ಬಹಳ ಇಷ್ಟ.

ಹೊಸ ಪಟ್ಟಿಗಳನ್ನು ಮೇಸ್ತ್ರಿಗಳ ಅಂಗಡಿಯಲ್ಲೇ ಕೂಡಿಸಿದೆವು. ತೋರುಬೆರಳು ಈಗ ಮೊದಲ ಗೆಣ್ಣಿನವರೆಗೆ ಟ್ರಿಗರಿನ ಮೇಲೆ ಕೂತಿತು. ಅದೇ ಐದು ಕಿಲೋ ಎಂಟುನೂರು ಇನ್ನೊಂದು ಪಿಸ್ತೂಲಿನದೆಂಬಂತೆ ಬಂತು. ಬೆರಳ ತುದಿಯಿಂದ ಎಳೆಯುವುದಕ್ಕೂ ಗೆಣ್ಣಿನಿಂದ ಎಳೆಯುವುದಕ್ಕೂ ಅಷ್ಟು ವ್ಯತ್ಯಾಸ. ಇಡೀ ಕೆಲಸದಲ್ಲಿ ಹೆಚ್ಚಿನ ಫಲ ಕೊಟ್ಟದ್ದು ಯಾವುದೆಂದು ಕೇಳಿದರೆ ನಾನು ಮೊದಲು ಈ ಬೀಟೆ ಪಟ್ಟಿಗಳನ್ನು ಹೇಳುತ್ತೇನೆ, ಆಮೇಲೆ ತೊಳೆದದ್ದನ್ನು, ಮೂರನೆಯದಾಗಿ ಸಾಣೆಕಲ್ಲನ್ನು.

ಮಳೆಗಾಲವಿಡೀ ಮನೆಯಲ್ಲಿ ಡಮ್ಮಿ ತೋಟೆ ಹಾಕಿಕೊಂಡು ಅಭ್ಯಾಸ ಮಾಡಿದೆ. ನಿಜವಾದ ತೋಟೆಗಳು ಬೇರೆ ಕೋಣೆಯಲ್ಲಿ, ಬೀಗದೊಳಗೆ. ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು, ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿಯೇ ಶುರು. ಮೂತಿ ಸದಾ ಮಣ್ಣಿನ ಗೋಡೆಯ ಕಡೆಗೆ. ಗುರಿ ಹಿಡಿಯಲು ಮೂತಿಯ ಬಳಿ ಇರುವ ಮುಂಗುರಿಯ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರನ್ನು ಕೊನೆಯವರೆಗೆ ಎಳೆಯುವ ಹಳೆಯ ಅಭ್ಯಾಸವನ್ನು ಸುಬೇದಾರರು ಹೇಳಿಕೊಟ್ಟಿದ್ದರು. ಮೊದಮೊದಲು ನಾಣ್ಯ ಪ್ರತಿಸಲ ಬೀಳುತ್ತಿತ್ತು. ದಸರೆ ಹತ್ತಿರವಾಗುವ ಹೊತ್ತಿಗೆ ಬೀಳುವುದು ಅಪರೂಪವಾಯಿತು.

ಮಳೆ ಬಿಟ್ಟ ಮೇಲೆ ಮತ್ತೆ ಮೈದಾನಕ್ಕೆ ಹೋದೆ. ಅದೇ ಎರಡು ತೋಟೆ, ಅದೇ ಹತ್ತು ಮೀಟರ್. ಮೊದಲ ಗುಂಡು ಎರಡನೆಯದರ ಪಕ್ಕದಲ್ಲೇ ಬಿತ್ತು. ಅಂಗೈ ಇಟ್ಟರೆ ಎರಡೂ ಮುಚ್ಚಿಹೋಗುತ್ತಿದ್ದವು. ಆ ದಿನ ತಡೆದ ತೋಟೆ ಒಂದೂ ಇರಲಿಲ್ಲ. ಸುಬೇದಾರರು ಕಾಗದ ಬಿಚ್ಚಿ ತಂದು, ಮೊದಲ ಗುಂಡುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ನನ್ನ ಕೈಗಿತ್ತರು. "ಇನ್ನು ಮೇಲೆ ನಿಮಗೆ ಹದಿನೈದು ಮೀಟರ್" ಎಂದರು.

ಪಿಸ್ತೂಲು ಈಗ ಚರ್ಮದ ಚೀಲದಲ್ಲಿಲ್ಲ. ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದೇನೆ. ಜಡಿಮಳೆಯ ತಿಂಗಳುಗಳಲ್ಲಿ ಪೊಟ್ಟಣಗಳನ್ನು ವಾರಕ್ಕೊಮ್ಮೆ ಒಲೆಯ ಬದಿಯಲ್ಲಿ ಒಣಗಿಸಿಕೊಳ್ಳಬೇಕು. ಎಡಬದಿಯ ಬೀಟೆ ಪಟ್ಟಿ ಥಂಡಿಗೆ ಚೂರು ಉಬ್ಬಿ ಮ್ಯಾಗಜಿನ್ ಬಿಡಿಸುವ ಗುಂಡಿಗೆ ತಾಗುತ್ತಿದೆ. ಅಡಿಕೆ ಕೊಯ್ಲು ಮುಗಿದ ಕೂಡಲೇ ಪಟ್ಟಿಯನ್ನಷ್ಟೇ ಬಿಚ್ಚಿಕೊಂಡು ಸಾಗರಕ್ಕೆ ಹೋಗಿ, ಆ ಅಂಚನ್ನು ಒಂದಿಷ್ಟು ಕೆರೆಸಿಕೊಂಡು ಬರಬೇಕು.